ಮುದ್ದತಿನ ಒಳಗಿನ ಬರವಣಿಗೆ

ನಮ್ಮ ಧಾರವಾಡ ಸೀಮೆಯ ಕೋರ್ಟು ಕಚೇರಿಗಳ ಮಾತಿನಲ್ಲಿ ‘ಮುದ್ದತು’ ಎಂಬುದೊಂದು ಹಳೆಯ ಶಬ್ದವಿದೆ. ಅರಬ್ಬೀ ಮೂಲದ ಈ ಶಬ್ದವು ದಫ್ತರಗಳ ದಾರಿಯಿಂದ ಬಂದು ಒಕ್ಕಲಿಗರ ನಾಲಗೆಯ ಮೇಲೆ ನೆಲೆಯಾಗಿ ಎಷ್ಟೋ ತಲೆಮಾರುಗಳು ಸಂದವು. ಇಂದಿನ ವೃತ್ತಪತ್ರಿಕೆಗಳು ಅದನ್ನೇ ‘ಗಡುವು’ ಎನ್ನುತ್ತವೆ. ನ್ಯಾಯಾಲಯದ ಕನ್ನಡವು ‘ಕಾಲಮಿತಿ’ ಎನ್ನುತ್ತದೆ. ಕಾನೂನು ಮಹಾವಿದ್ಯಾಲಯದ ಹುಡುಗರು ‘ಲಾಸ್ಟ್ ಡೇಟ್’ ಎಂದು ಹೇಳಿ ನಿಟ್ಟುಸಿರು ಬಿಡುತ್ತಾರೆ. ಹೆಸರು ಯಾವುದಾದರೇನು, ಸಂಗತಿ ಒಂದೇ. ಒಂದು ದಿನವನ್ನು ಗೊತ್ತುಪಡಿಸಿರುತ್ತಾರೆ. ಅದರೊಳಗೆ ಬರೆದು ಒಪ್ಪಿಸಿದ ಕಾಗದಕ್ಕೆ ಬೆಲೆಯುಂಟು. ಅದು ಕಳೆದ ಮೇಲೆ ಒಪ್ಪಿಸಿದರೆ ಅದೇ ಅಕ್ಷರ, ಅದೇ ಸಹಿ ಇದ್ದರೂ ಬರಿಯ ಕಾಗದ.

ಮೂವತ್ತು ವರ್ಷಗಳಿಗೂ ಮಿಕ್ಕಿ ಕಾನೂನು ಕಲಿಸಿ ನಿವೃತ್ತನಾದವನು ನಾನು. ಕಲಘಟಗಿ ತಾಲೂಕಿನ ಮಿಶ್ರಿಕೋಟಿ ನನ್ನ ಹುಟ್ಟೂರು. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಅನೇಕರಲ್ಲಿ ನಾನೂ ಒಬ್ಬನು. ಈ ಪತ್ರಿಕೆಯ ವಾಚಕರಲ್ಲಿ ವಕೀಲರಿದ್ದಾರೆ, ನ್ಯಾಯಾಧೀಶರಿದ್ದಾರೆ. ಮಕ್ಕಳನ್ನು ಹುಬ್ಬಳ್ಳಿ-ಧಾರವಾಡಗಳ ಕಾನೂನು ತರಗತಿಗಳಿಗೆ ಕಳಿಸಿರುವ ತಂದೆತಾಯಿಗಳೂ ಇದ್ದಾರೆ. ಇವರಲ್ಲಿ ಕೆಲವರು ಭೇಟಿಯಾದಾಗಲೆಲ್ಲ ನನ್ನನ್ನು ಕೇಳುವದುಂಟು: ವಿಚಾರಗೋಷ್ಠಿಯ ಒಂದು ಪ್ರಬಂಧಕ್ಕೆ ಇಷ್ಟೊಂದು ನಿಯಮಗಳೇಕೆ? ಇಷ್ಟೇ ಪುಟ, ಹೀಗೇ ಅಡಿಟಿಪ್ಪಣಿ, ಇಂಥದೇ ದಿನ ಎಂಬ ಹಟವೇಕೆ? ಒಂದು ದಿನ ತಡವಾದರೆ ಆಕಾಶ ಕಳಚಿ ಬೀಳುವದೇ? ಇದು ಹಗುರಾದ ಪ್ರಶ್ನೆಯೆಂದು ನಾನು ತಿಳಿದಿಲ್ಲ. ತಾರೀಖು ತಪ್ಪಿ ಹೊಲ ಕಳೆದುಕೊಂಡ ಮನೆಯೊಂದು ನಮ್ಮ ಓಣಿಯಲ್ಲಿಯೇ ಇತ್ತು. ಆ ಸಂಗತಿಯನ್ನು ಮುಂದೆ ಹೇಳುವೆನು. ಅದಕ್ಕೆ ಮೊದಲು ವಿಚಾರಗೋಷ್ಠಿಯ ಮಾತು.

‘ಸೆಮಿನಾರು’ ಎಂಬ ಶಬ್ದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಅದಕ್ಕೆ ಬೀಜದ ಸಂಬಂಧ; ಮೊದಲಿನ ಅರ್ಥ ಸಸಿಮಡಿ. ಕಲಘಟಗಿಯ ಕಡೆಯ ಭತ್ತವು ಬಹುಮಟ್ಟಿಗೆ ಕೂರಿಗೆಯಿಂದ ಬಿತ್ತುವ ಭತ್ತವಾದುದರಿಂದ ನಮ್ಮವರಿಗೆ ಸಸಿಮಡಿಯ ಪರಿಚಯವಾಗುವದು ಮೆಣಸಿನಗಿಡದಿಂದ. ಮಡಿಯಲ್ಲಿ ಬೀಜ ಹಾಕಿ, ನೀರು ಚಿಮುಕಿಸಿ, ಸಸಿ ಗೇಣುದ್ದವಾಗುವವರೆಗೆ ಕಾಯ್ದು, ಮಳೆಯ ಹದ ನೋಡಿ ಕಿತ್ತು ಹೊಲದಲ್ಲಿ ಹಚ್ಚಬೇಕು. ಬೇಗ ಕಿತ್ತರೆ ಬೇರು ಹಿಡಿಯದು. ಮಡಿಯಲ್ಲಿಯೇ ಬಹಳ ದಿನ ಬಿಟ್ಟರೆ ಸಸಿ ಬಲಿತು ಹಚ್ಚಲಿಕ್ಕೆ ಬಾರದು. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಬೆಳೆದ ಈ ಪದ್ಧತಿಯಲ್ಲಿ ಗುರುವು ಉಪನ್ಯಾಸ ಮಾಡಿ ಎದ್ದು ಹೋಗುವದಿಲ್ಲ. ವಿದ್ಯಾರ್ಥಿಯೇ ಒಂದು ವಿಷಯವನ್ನು ಶೋಧಿಸಿ ಬರೆದು ತಂದು ಓದುತ್ತಾನೆ. ಸಹಪಾಠಿಗಳು ಅದನ್ನು ಒರೆಗೆ ಹಚ್ಚುತ್ತಾರೆ. ಗುರುವು ಕೊನೆಗೆ ಮಾತನಾಡುತ್ತಾನೆ. ನಮ್ಮ ದೇಶದ ಕಾನೂನು ಶಿಕ್ಷಣದಲ್ಲಿ ಇದಕ್ಕೆ ಹೆಚ್ಚಿನ ಬಲ ಬಂದದ್ದು 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ಎನ್. ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡ ಮೇಲೆ. ಅಲ್ಲಿ ಒಂದೊಂದು ವಿಷಯಕ್ಕೂ ಒಂದೊಂದು ಶೋಧಪ್ರಬಂಧವನ್ನು ಬರೆಯುವದು ಪರೀಕ್ಷೆಯಷ್ಟೇ ಮುಖ್ಯವಾಯಿತು. ಅದಕ್ಕಿಂತ ಮೊದಲು ವಿಚಾರಗೋಷ್ಠಿಯು ಇದ್ದಲ್ಲಿ ಇತ್ತು, ಇಲ್ಲದಲ್ಲಿ ಇಲ್ಲ. ಎಲ್ಲವೂ ಕಲಿಸುವವರ ಮನಸ್ಸಿನ ಮೇಲೆ ನಿಂತಿತ್ತು.

ಆ ದೃಷ್ಟಿಯಿಂದ ನಾನು ಪುಣ್ಯವಂತನು. 1978ರಲ್ಲಿ ಧಾರವಾಡದಲ್ಲಿ ಕಾನೂನಿನ ಸ್ನಾತಕೋತ್ತರ ಅಧ್ಯಯನಕ್ಕೆ ಸೇರಿದಾಗ ನಮಗೆ ದೊರೆತ ಗುರುಗಳು ಬರವಣಿಗೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನವರು. ಅವರ ನಿಯಮಗಳು ಇಂದಿಗೂ ನನಗೆ ಬಾಯಿಪಾಠವಿವೆ. ಎರಡನೆಯ ವಾರದಲ್ಲಿ ವಿಷಯವನ್ನು ಒಂದೇ ವಾಕ್ಯದಲ್ಲಿ ಬರೆದು ಕೊಡಬೇಕು. ಎರಡನೆಯ ವಾಕ್ಯ ಬಂದರೆ ಅವರು ಓದುತ್ತಿರಲಿಲ್ಲ. ನಾಲ್ಕನೆಯ ವಾರಕ್ಕೆ ಎರಡು ಪುಟದ ರೂಪರೇಷೆ. ಎಂಟನೆಯ ವಾರಕ್ಕೆ ಮೊದಲ ಕರಡು. ಕೊನೆಯ ಪ್ರತಿಯು ಬೆರಳಚ್ಚಿನಲ್ಲಿ ಹದಿನೈದು ಪುಟ, ಸಾಲಿನ ನಡುವೆ ಎರಡು ಪಟ್ಟು ಜಾಗ, ಕಾರ್ಬನ್ ಪ್ರತಿ ಎರಡು. ಅದರಲ್ಲಿ ಒಂದನ್ನು ಓದುವ ದಿನಕ್ಕೆ ಒಂದು ವಾರ ಮೊದಲೇ ಗ್ರಂಥಾಲಯದಲ್ಲಿ ಇಡಬೇಕು, ಸಹಪಾಠಿಗಳು ಓದಿಕೊಂಡು ಬರಲೆಂದು. ಇನ್ನೊಂದು ಪ್ರತಿಯು ‘ಎದುರುವಾದಿ’ಗೆ. ನಮ್ಮಲ್ಲಿಯೇ ಒಬ್ಬನನ್ನು ಅವರು ಎದುರುವಾದಿಯೆಂದು ನೇಮಿಸುತ್ತಿದ್ದರು; ಪ್ರಬಂಧದ ದೋಷಗಳನ್ನು ಹುಡುಕಿ ಹೇಳುವದು ಅವನ ಕೆಲಸ, ಅದಕ್ಕೆ ಅವನಿಗೂ ಗುಣಗಳು. ಯಾವ ಮಾತನ್ನೂ ಅದು ದೊರೆತ ಸ್ಥಳದ ಹೆಸರಿಲ್ಲದೆ ಬರೆಯುವಂತಿಲ್ಲ.

ಇವಿಷ್ಟು ನಮ್ಮ ಮೇಲಿನ ನಿಯಮಗಳು. ಅವರು ತಮ್ಮ ಮೇಲೆ ಹಾಕಿಕೊಂಡ ನಿಯಮವೊಂದಿತ್ತು. ನನಗೆ ಅದೇ ಮುಖ್ಯವೆನಿಸುತ್ತದೆ. ಸೋಮವಾರ ಕೊಟ್ಟ ಕರಡು ಮುಂದಿನ ಸೋಮವಾರ ಮರಳಿ ಕೈಗೆ ಬರುತ್ತಿತ್ತು, ಅಂಚಿನ ತುಂಬ ಪೆನ್ಸಿಲಿನ ಗುರುತುಗಳೊಡನೆ. ಆ ಎರಡು ವರ್ಷಗಳಲ್ಲಿ ಒಂದು ಸಲವೂ ಅದು ಮಂಗಳವಾರವಾಗಲಿಲ್ಲ. ನಮಗೆ ಮುದ್ದತು ಹಾಕಿದವರು ತಾವೂ ಮುದ್ದತಿಗೆ ಕಟ್ಟುಬಿದ್ದಿದ್ದರು. ಪ್ರತಿಯೊಬ್ಬನ ಕರಡಿನಲ್ಲಿಯೂ ತಪ್ಪದೆ ಕಾಣುತ್ತಿದ್ದ ಅವರ ಪ್ರಶ್ನೆಯೊಂದಿತ್ತು: ‘ಯಾವ ದಿನದಿಂದ?’ ತೊಂಬತ್ತು ದಿನಗಳ ಅವಧಿ ಎಂದು ಬರೆದರೆ ‘ಯಾವ ದಿನದಿಂದ?’ ಹನ್ನೆರಡು ವರ್ಷಗಳ ಸ್ವಾಧೀನ ಎಂದರೆ ‘ಯಾವ ದಿನದಿಂದ?’ ಕಾನೂನಿನಲ್ಲಿ ಕೊನೆಯ ದಿನವನ್ನು ಎಲ್ಲರೂ ಕೇಳುತ್ತಾರೆ, ಮೊದಲ ದಿನವನ್ನು ಕೇಳುವವನೇ ವಕೀಲನು ಎಂಬುದು ಅವರ ನಂಬಿಗೆಯಾಗಿತ್ತು.

ಭಾಷೆಯ ತೊಡಕನ್ನೂ ಇಲ್ಲಿಯೇ ಹೇಳಬೇಕು. ಪ್ರಬಂಧ ಇಂಗ್ಲಿಷಿನಲ್ಲಿ ಆಗಬೇಕಿತ್ತು. ಮಿಶ್ರಿಕೋಟಿಯ ಕನ್ನಡ ಶಾಲೆಯಿಂದ ಬಂದ ನನ್ನಂಥವನಿಗೆ ಇಂಗ್ಲಿಷ್ ಪುಸ್ತಕದ ವಾಕ್ಯಗಳು ಪರಿಚಯವಿದ್ದವು, ನನ್ನ ವಾಕ್ಯಗಳು ಇರಲಿಲ್ಲ. ಗುರುಗಳು ಕರೆದು ಹೇಳಿದರು: “ಮೊದಲು ಕನ್ನಡದಾಗ ಒಂದ ಪುಟ ಬರಿ. ನಿಮ್ಮ ಅಪ್ಪಗ ಕಟ್ಟಿ ಮ್ಯಾಲ ಕುಂತು ಹೇಳಿದಂಗ ಬರಿ. ಅಂವಗ ತಿಳೀದಿದ್ರ ನಿನಗೂ ತಿಳಿದಿಲ್ಲಂತ ತಿಳಕೋ. ತಿಳಿದ ಮ್ಯಾಲ ಇಂಗ್ಲಿಷು ಬರತೈತಿ.” ಮುಂದೆ ನಾನು ಕಲಿಸುವಾಗ ಇದನ್ನೇ ನನ್ನ ವಿದ್ಯಾರ್ಥಿಗಳಿಗೂ ನಿಯಮ ಮಾಡಿದೆನು. ಆ ಒಂದು ಪುಟ ಕನ್ನಡಕ್ಕೆ ಗುಣಗಳಿರಲಿಲ್ಲ. ಆದರೆ ಅದಿಲ್ಲದೆ ರೂಪರೇಷೆಯನ್ನು ನಾನು ಮುಟ್ಟುತ್ತಿರಲಿಲ್ಲ.

ನಾನು ಆರಿಸಿಕೊಂಡ ವಿಷಯವು ಕಾಲಮಿತಿ ಕಾಯದೆಯ ಐದನೆಯ ಕಲಮಿನ ‘ಸಾಕಷ್ಟು ಕಾರಣ’. 1963ರ ಈ ಕಾಯದೆಯು ಹೊರಗಿನಿಂದ ಒಣ ಕೋಷ್ಟಕದಂತೆ ಕಾಣುತ್ತದೆ. ಒಳಹೊಕ್ಕು ನೋಡಿದರೆ ಅದರಲ್ಲಿ ಕಠಿಣತೆಯೂ ಕನಿಕರವೂ ಒಂದರ ಪಕ್ಕ ಒಂದು ಕುಳಿತಿವೆ. ಮೂರನೆಯ ಕಲಮು ಕಠಿಣವಾದುದು: ಮುದ್ದತು ಮೀರಿದ ದಾವೆಯನ್ನು, ಎದುರಾಳಿಯು ಆಕ್ಷೇಪಿಸದೆ ಸುಮ್ಮನಿದ್ದರೂ, ನ್ಯಾಯಾಧೀಶನು ತಾನೇ ತಳ್ಳಿಹಾಕಬೇಕು. ನಾಲ್ಕನೆಯದು ಮೃದು: ಕೊನೆಯ ದಿನ ನ್ಯಾಯಾಲಯ ಮುಚ್ಚಿದ್ದರೆ ತೆರೆದ ದಿನ ಹಾಕಬಹುದು. ಆರನೆಯದು ಅಪ್ರಾಪ್ತ ವಯಸ್ಸಿನವರ ಮತ್ತು ಬುದ್ಧಿಸ್ವಾಧೀನವಿಲ್ಲದವರ ಹಕ್ಕಿನ ಮೇಲೆ ಕಾಲವು ಓಡದಂತೆ ತಡೆಹಿಡಿಯುತ್ತದೆ. ಹನ್ನೆರಡನೆಯದು ಎಣಿಕೆಯ ಮೊದಲ ದಿನವನ್ನು ಬಿಟ್ಟುಕೊಡುತ್ತದೆ. ಅಪೀಲಿಗಾಗಿ ತೀರ್ಪಿನ ನಕಲು ಪಡೆಯಲು ಬೇಕಾದ ದಿನಗಳನ್ನೂ ಬಿಟ್ಟುಕೊಡುತ್ತದೆ. ಹದಿನೆಂಟನೆಯ ಕಲಮು ನನಗೆ ಎಲ್ಲಕ್ಕಿಂತ ಪ್ರಿಯವಾದುದು. ಸಾಲದ ಮುದ್ದತು ತೀರುವದರೊಳಗೆ ಸಾಲಗಾರನು ‘ಬಾಕಿ ಇದೆ’ ಎಂದು ಒಂದು ಸಾಲು ಬರೆದು ಸಹಿ ಮಾಡಿದರೆ ಸಾಕು, ಆ ದಿನದಿಂದ ಹೊಸ ಮುದ್ದತು ಹುಟ್ಟುತ್ತದೆ. ನಮ್ಮ ದಲಾಲಿ ಅಂಗಡಿಗಳ ಕೀರ್ದಿ ಖಾತೆಗಳಲ್ಲಿ ವರ್ಷಕ್ಕೊಮ್ಮೆ ಬಾಕಿಯ ಕೆಳಗೆ ಸಹಿ ಹಾಕಿಸಿಕೊಳ್ಳುವ ರೂಢಿಯ ಹಿಂದೆ ಇರುವದು ಇದೇ. ಸಕಾಲದಲ್ಲಿ ಬರೆದ ಒಂದು ಸಾಲು ಮೂರು ವರ್ಷಗಳನ್ನು ಕೊಡಬಲ್ಲದು!

ಐದನೆಯ ಕಲಮು ಅಪೀಲು ಅರ್ಜಿಗಳಿಗೆ ಮಾತ್ರ ಅನ್ವಯಿಸುವದು; ದಾವೆಗಳಿಗೆ ಅದರ ಆಸರೆಯಿಲ್ಲ. ತಡವಾದುದಕ್ಕೆ ಸಾಕಷ್ಟು ಕಾರಣ ತೋರಿಸಿದರೆ ನ್ಯಾಯಾಲಯವು ಮನ್ನಿಸಬಹುದು. ಆ ಕಾಲಕ್ಕೆ ನಮಗೆ ದಾರಿ ತೋರಿಸುತ್ತಿದ್ದ ತೀರ್ಪು ರಾಮಲಾಲ್ ವಿರುದ್ಧ ರೀವಾ ಕೋಲ್‌ಫೀಲ್ಡ್ಸ್, 1962ರ ವರದಿಗಳಲ್ಲಿ ಅಚ್ಚಾದದ್ದು. ಅದರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದ ಒಂದು ಮಾತು ವಿದ್ಯಾರ್ಥಿಗಳಿಗೆ ಬಹಳ ಹಿತವಾದುದು. ಮುದ್ದತಿನ ಕೊನೆಯ ದಿನದ ವರೆಗೆ ಸುಮ್ಮನಿರುವದು ಪಕ್ಷಗಾರನ ಹಕ್ಕು. ಮೊದಲೇ ಏಕೆ ಹಾಕಲಿಲ್ಲವೆಂದು ಅವನನ್ನು ಕೇಳುವಂತಿಲ್ಲ. ಕೊನೆಯ ದಿನದ ನಂತರದ ಒಂದೊಂದು ದಿನಕ್ಕೂ ಅವನು ಲೆಕ್ಕ ಕೊಡಬೇಕು. ನಮ್ಮ ವರ್ಗದ ಸೋಮಾರಿಗಳು ಮೊದಲರ್ಧವನ್ನು ಮಾತ್ರ ಗಟ್ಟಿ ಮಾಡಿಕೊಂಡರು.

ಈ ಪ್ರಬಂಧದ ಮೊದಲ ಕರಡನ್ನು ಕೊಟ್ಟು ನಾನು 1979ರ ಬೇಸಿಗೆಯ ರಜೆಗೆ ಊರಿಗೆ ಬಂದೆನು. ಕೊನೆಯ ಪ್ರತಿಗೆ ಜುಲೈ ತಿಂಗಳ ವರೆಗೆ ಸಮಯವಿತ್ತು. ಊರಿನಲ್ಲಿ ಬೇರೊಂದು ಮುದ್ದತು ಎಲ್ಲರ ಬಾಯಲ್ಲಿತ್ತು.

ಹಿರಿಯ ವಾಚಕರಿಗೆ ನೆನಪಿರಬಹುದು. ದೇವರಾಜ ಅರಸರ ಸರಕಾರವು ತಿದ್ದಿದ ಭೂಸುಧಾರಣಾ ಕಾಯದೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯ ಹೊಲಗಳೆಲ್ಲ ಅಂದಿನಿಂದ ಸರಕಾರಕ್ಕೆ ಸೇರಿದವು. ಉಳುತ್ತಿದ್ದವನು ತನ್ನ ಹೆಸರಿಗೆ ಹೊಲ ಮಾಡಿಸಿಕೊಳ್ಳಲು ಭೂನ್ಯಾಯಮಂಡಳಿಗೆ ಏಳನೆಯ ನಮೂನೆಯಲ್ಲಿ ಅರ್ಜಿ ಕೊಡಬೇಕು. ಊರಿನವರು ಅದನ್ನು ‘ಏಳನೇ ಫಾರ್ಮು’ ಎನ್ನುತ್ತಿದ್ದರು. ಅರ್ಜಿಯ ಕೊನೆಯ ದಿನವು ಅದಕ್ಕೆ ಮೊದಲು ಮುಂದೆ ಹೋಗಿತ್ತು. ಕಟ್ಟಕಡೆಗೆ ಗೊತ್ತಾದದ್ದು 1979ರ ಜೂನ್ 30, ಶನಿವಾರ. ನ್ಯಾಯಮಂಡಳಿಯ ಮುಂದೆ ಆಗ ವಕೀಲರಿಗೆ ಪ್ರವೇಶವಿರಲಿಲ್ಲ. ಒಕ್ಕಲಿಗನ ಪರವಾಗಿ ಮಾತನಾಡುವದು ಅವನ ಬಾಯಿ ಮತ್ತು ಆ ಒಂದು ಕಾಗದ, ಅಷ್ಟೇ.

ಕಾನೂನು ಓದುವ ಹುಡುಗ ಬಂದಿದ್ದಾನೆಂದು ಜನ ನನ್ನನ್ನು ಹುಡುಕಿಕೊಂಡು ಬರತೊಡಗಿದರು. ಊರ ಮಠದ ಜಗಲಿಯ ಮೇಲೆ ಕುಳಿತು ನಾನು ದಿನವೂ ಅರ್ಜಿಗಳನ್ನು ತುಂಬುತ್ತಿದ್ದೆ. ಸರ್ವೆ ನಂಬರು, ಎಕರೆ ಗುಂಟೆ, ಒಡೆಯನ ಹೆಸರು, ಲಾವಣಿ ಎಷ್ಟು. ಆಮೇಲೆ ನನ್ನ ಗುರುಗಳ ಪ್ರಶ್ನೆಯೇ ಬರುತ್ತಿತ್ತು: ಯಾವ ದಿನದಿಂದ ಸಾಗು ಮಾಡುತ್ತಿದ್ದೀರಿ? ಅದಕ್ಕೆ ಯಾರೂ ಇಸವಿ ಹೇಳುತ್ತಿರಲಿಲ್ಲ. ‘ಹಿರೇ ಮಗಳು ಹುಟ್ಟಿದ ವರ್ಷ’, ‘ನಮ್ಮ ಕಾಕಾ ತೀರಿಕೊಂಡ ಮುಂದಿನ ಮುಂಗಾರಿ’, ‘ಬರ ಬಿದ್ದ ಮರುವರ್ಷ’ — ಇಂಥ ಉತ್ತರಗಳು. ಅವನ್ನು ಇಸವಿಗೆ ತಿರುಗಿಸುವದರಲ್ಲಿ ನಾನು ಕಲಿತ ಕಾನೂನು ಗ್ರಂಥಾಲಯದಲ್ಲಿ ಕಲಿತದ್ದಕ್ಕಿಂತ ಕಡಿಮೆಯದಲ್ಲ. ಇವರಿಗೆ ಕಾಲದ ಲೆಕ್ಕ ಬಾರದೆಂದು ಯಾರೂ ತಿಳಿಯಬಾರದು. ಮಿರಗ ಹೋಗಿ ಆರಿದ್ರಿ ಬಂತೆಂದರೆ ಕೂರಿಗೆಯ ಕೆಲಸ ಎಲ್ಲಿಗೆ ಬಂದಿರಬೇಕು, ಎಡೆ ಯಾವಾಗ ಹೊಡೆಯಬೇಕು ಎಂಬುದನ್ನು ಅವರು ದಿನ ತಪ್ಪದೆ ಬಲ್ಲವರು. ಹದ ತಪ್ಪಿದರೆ ವರ್ಷವೇ ತಪ್ಪಿತೆಂದು ತಿಳಿದವರಿಗೆ ಗಡುವನ್ನು ಹೊಸದಾಗಿ ಕಲಿಸಬೇಕಿಲ್ಲ. ಆದರೆ ಹದವು ಮಣ್ಣಿನಲ್ಲಿ ಕೈಗೆ ಹತ್ತುತ್ತದೆ. ಕಚೇರಿಯ ತಾರೀಖು ಹಾಗೆ ಹತ್ತುವದಿಲ್ಲ. ಯಾರೋ ಓದಿ ಹೇಳಬೇಕು, ಹೇಳಿದವನನ್ನು ನಂಬಬೇಕು.

ನಮ್ಮ ಓಣಿಯ ಆ ಮನೆಯವರು ಮೂರು ಎಕರೆಯನ್ನು ಲಾವಣಿಯಿಂದ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಉಳುತ್ತಿದ್ದರು. ಒಡೆಯರು ಪಟ್ಟಣದಲ್ಲಿದ್ದರು, ಅವರ ಪರವಾಗಿ ಲಾವಣಿ ಎತ್ತಲು ಬರುವ ಮನುಷ್ಯನೊಬ್ಬನಿದ್ದನು. ಅವನು ಯಜಮಾನನಿಗೆ ಹೇಳಿದ್ದನು: “ಸರಕಾರದ ತಾರೀಖು ಅಂದ್ರ ಮತ್ತ ಮುಂದ ಹೋಗತೈತಿ ತಗೋ. ಹಿಂದ ಹೋಗಿಲ್ಲೇನು? ನಮ್ಮ ನಿಮ್ಮ ನಡುವ ಕಾಗದ ಯಾಕ?” ಅಜ್ಜ ಅದನ್ನು ನಂಬಿದನು. ನಾನೂ ನಮ್ಮ ತಂದೆಯವರೂ ಎರಡು ಸಲ ಅವರ ಮನೆಗೆ ಹೋಗಿ ಹೇಳಿದೆವು. ಕಲಘಟಗಿಯ ಕಚೇರಿಗೆ ಕರೆದುಕೊಂಡು ಹೋಗುವದಾಗಿಯೂ ಹೇಳಿದೆವು. “ಮಾತು ಕೊಟ್ಟಾರ ತಮ್ಮಾ. ಮಾತಿನ ಮ್ಯಾಲ ಇಪ್ಪತ್ತು ವರ್ಷ ನಡದೇವಿ” ಎಂದನು. ಆರಿದ್ರಿ ಮಳೆ ಹಿಡಿದಿತ್ತು, ಎತ್ತುಗಳು ಹೊಲದಲ್ಲಿದ್ದವು. ಜೂನ್ 30 ಕಳೆಯಿತು. ಆ ತಾರೀಖು ಮತ್ತೆ ಮುಂದೆ ಹೋಗಲಿಲ್ಲ.

ಅರ್ಜಿಯೇ ಇಲ್ಲದ ಮೇಲೆ ನ್ಯಾಯಮಂಡಳಿಯ ಮುಂದೆ ಅವರ ಹೆಸರೇ ಬರಲಿಲ್ಲ. ಕೆಲವು ವರ್ಷಗಳಲ್ಲಿ ಹೊಲವು ಅವರ ಕೈಬಿಟ್ಟಿತು. ಹೇಗೆ ಬಿಟ್ಟಿತೆಂಬುದನ್ನು ಇಲ್ಲಿ ವಿಸ್ತರಿಸಲಾರೆ, ಬಲ್ಲವರು ಊಹಿಸಿಕೊಳ್ಳಬಹುದು. ಕಾಯದೆಗೆ 77ಎ ಎಂಬ ಹೊಸ ಕಲಮು ಸೇರಿ 1998ರಲ್ಲಿ ಅದು ಜಾರಿಗೆ ಬಂದಿತು. ಏಳನೆಯ ನಮೂನೆಯನ್ನು ಕೊಡದೆ ಉಳಿದ ಸಣ್ಣ ಗೇಣಿದಾರರು 7ಎ ನಮೂನೆಯಲ್ಲಿ ಅರ್ಜಿ ಕೊಟ್ಟು, ಗೊತ್ತಾದ ಹಣ ತುಂಬಿ, ಮೊದಲಿನ ಹೊಲವೂ ಸೇರಿ ಎರಡು ಹೆಕ್ಟೇರ್ ‘ಡಿ’ ವರ್ಗದ ಜಮೀನಿಗೆ ಮೀರದಂತೆ ಪಡೆಯಬಹುದೆಂದು ಅದು ಹೇಳಿತು. ಸುದ್ದಿ ಕೇಳಿ ಆ ಅಜ್ಜನ ಮಗ ನನ್ನಲ್ಲಿಗೆ ಬಂದನು. ಆದರೆ ಕಲಮಿನ ಶರತ್ತು ಸ್ಪಷ್ಟವಾಗಿತ್ತು. 1974ರ ಮಾರ್ಚ್ 1ಕ್ಕೆ ಮೊದಲು ಉಳುತ್ತಿದ್ದರೆ ಸಾಲದು. ಹೊಸ ತಿದ್ದುಪಡಿ ಜಾರಿಗೆ ಬರುವ ದಿನದ ವರೆಗೂ ಹೊಲವು ಅವರದೇ ಸ್ವಾಧೀನದಲ್ಲಿ ಇರಬೇಕಿತ್ತು. ತಪ್ಪಿದ ತಾರೀಖು ಮುಂದೆ ತೆರೆಯಬಹುದಾಗಿದ್ದ ಬಾಗಿಲನ್ನೂ ಹತ್ತೊಂಬತ್ತು ವರ್ಷ ಮೊದಲೇ ಮುಚ್ಚಿಬಿಟ್ಟಿತ್ತು.

ಮುದ್ದತೆಂದರೆ ಅದನ್ನು ಹಾಕುವವರ ಕೆಲಸವೂ ಹೌದೆಂದು ಅಂದಿನಿಂದ ನಾನು ತಿಳಿದುಕೊಂಡೆ. ಒಂದೇ ಒಂದು ಕೊನೆಯ ದಿನವನ್ನು ಗೋಡೆಗೆ ಹಚ್ಚಿ, ನಡುವೆ ಯಾವ ಮೆಟ್ಟಿಲನ್ನೂ ಇಡದೆ, ಅದನ್ನು ಸಲ ಸಲ ಮುಂದೂಡಿ, ಜನರಿಗೆ ಅದರ ಮೇಲಿನ ನಂಬಿಗೆ ಹೋದ ಮೇಲೆ ಒಂದು ದಿನ ಫಕ್ಕನೆ ಅದನ್ನು ನಿಜ ಮಾಡುವದು ಒಂದು ಬಗೆ. ಎರಡನೆಯ ವಾರ, ನಾಲ್ಕನೆಯ ವಾರ, ಎಂಟನೆಯ ವಾರ ಎಂದು ಸಣ್ಣ ಸಣ್ಣ ದಿನಗಳನ್ನು ಇಟ್ಟು, ಒಂದೊಂದಕ್ಕೂ ತಾನು ಉತ್ತರ ಕೊಡುತ್ತ ಹೋಗುವದು ಇನ್ನೊಂದು ಬಗೆ. ಮೊದಲಿನದರಲ್ಲಿ ಬಲಹೀನನು ಬೀಳುತ್ತಾನೆ, ಎರಡನೆಯದರಲ್ಲಿ ಸೋಮಾರಿಯು ಮಾತ್ರ ಬೀಳುತ್ತಾನೆ. ವಿಚಾರಗೋಷ್ಠಿಯ ದಿನಾಂಕವನ್ನು ಸಡಿಲು ಬಿಡಿರೆಂದು ಕೇಳುವ ತಂದೆತಾಯಿಗಳಿಗೆ ನಾನು ಹೇಳುವದು ಇದು: ದಿನಾಂಕವು ಬಿಗಿಯಾಗಿಯೇ ಇರಲಿ, ಆದರೆ ನಿಮ್ಮ ಮಗನ ಕರಡು ಎಷ್ಟು ದಿನಕ್ಕೆ ಮರಳಿ ಬಂದಿತೆಂದು ಮಹಾವಿದ್ಯಾಲಯವನ್ನು ಕೇಳಿರಿ.

ಕೇಳುವ ಕಾರಣವಿದೆ. ನಾನು ಕೆಲಸ ಮಾಡಿದ ಸ್ಥಳಗಳಲ್ಲಿ ಒಂದು ಕಡೆ ಪ್ರಬಂಧದ ವಿಷಯಗಳನ್ನು ಸತ್ರದ ಕೊನೆಯ ಹದಿನೈದು ದಿನ ಇರುವಾಗ ಪ್ರಕಟಿಸುವ ರೂಢಿಯಿತ್ತು. ಕರಡು ನೋಡುವ ಮಾತೇ ಇಲ್ಲ. ಹುಡುಗರು ಹಿಂದಿನ ವರ್ಷದವರ ಪ್ರಬಂಧಗಳನ್ನು ಹೆಸರು ಬದಲಿಸಿ ತರುತ್ತಿದ್ದರು. ತೆಗೆದುಕೊಳ್ಳುವವರು ತೂಕ ನೋಡಿ ತೆಗೆದುಕೊಳ್ಳುತ್ತಿದ್ದರು. ಆಗ ‘ಸರ್, ಎರಡು ದಿನ ಕೊಡ್ರಿ’ ಎಂದು ಕಣ್ಣೀರು ತಂದು ನಿಲ್ಲುತ್ತಿದ್ದವರು ಬಹುಮಟ್ಟಿಗೆ ತಾವೇ ಬರೆಯಲು ಕುಳಿತವರು ಎಂಬುದು ನಾನು ಕಂಡ ವಿಚಿತ್ರ.

ಈಗ ಕಾಲ ಬದಲಾಗಿದೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಬರವಣಿಗೆಯನ್ನು ಪದವಿಯ ತಿರುಳಿಗೇ ತಂದು ಕೂಡಿಸಿವೆ: ದಾವೆ, ಕೈಫಿಯತ್ತು ಮೊದಲಾದವುಗಳ ಕರಡು ಹದಿನೈದು, ಖರೀದಿಪತ್ರ, ಗಹಾಣಪತ್ರ ಮೊದಲಾದವು ಹದಿನೈದು, ಒಂದೊಂದು ಗುಂಪಿಗೆ 45 ಗುಣಗಳು, ಮೌಖಿಕಕ್ಕೆ 10. ಅಣಕು ನ್ಯಾಯಾಲಯಗಳು ಮೂರು. ಒಂದೊಂದಕ್ಕೆ ಹತ್ತು ಗುಣಗಳಲ್ಲಿ ಅರ್ಧ ಬರೆದುದಕ್ಕೆ, ಅರ್ಧ ವಾದಿಸಿದುದಕ್ಕೆ. ಒಂದು ವರ್ಷದ ಸ್ನಾತಕೋತ್ತರ ಪದವಿಗಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗವು 2012ರಲ್ಲಿ ರೂಪಿಸಿದ ಮಾರ್ಗಸೂಚಿಯಲ್ಲಿ ಸಂಶೋಧನಾ ವಿಧಾನ ಮತ್ತು ಕಾನೂನು ಬರವಣಿಗೆ ಎಂಬುದು ಕಡ್ಡಾಯ ವಿಷಯ. ನಕಲು ಮಾಡುವವರಿಗೂ 2018ರ ವಿನಿಯಮಗಳು ಲೆಕ್ಕ ಹಾಕಿಟ್ಟಿವೆ. ಸಂಪ್ರಬಂಧದಲ್ಲಿ ಬೇರೆಯವರ ಬರಹದೊಡನೆ ಹೋಲಿಕೆಯು ನೂರಕ್ಕೆ 10ರ ವರೆಗೆ ಇದ್ದರೆ ದಂಡವಿಲ್ಲ. 40ರ ವರೆಗೆ ಆರು ತಿಂಗಳು ಮೀರದ ಗೊತ್ತಾದ ಅವಧಿಯೊಳಗೆ ತಿದ್ದಿ ಮರಳಿ ಒಪ್ಪಿಸಬೇಕು. 60ರ ವರೆಗೆ ಒಂದು ವರ್ಷ ಒಪ್ಪಿಸುವಂತಿಲ್ಲ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಒಪ್ಪಿಸುವದು ಈಗ ಗಣಕಯಂತ್ರದ ಮೂಲಕ. ರಾತ್ರಿ 11 ಗಂಟೆ 59 ನಿಮಿಷಕ್ಕೆ ಬಾಗಿಲು ಮುಚ್ಚುತ್ತದೆ. ಅದು ಯಾರ ಮುಖವನ್ನೂ ನೋಡುವದಿಲ್ಲ. ಹಳ್ಳಿಯ ಹುಡುಗನಿಗೆ ವಿದ್ಯುತ್ತು ಹೋದುದು ಸಾಕಷ್ಟು ಕಾರಣವೇ ಎಂಬ ಪ್ರಶ್ನೆಗೆ ಉತ್ತರ ಹೇಳುವ ಕಲಮನ್ನು ಆ ಯಂತ್ರದಲ್ಲಿ ಯಾರೂ ಬರೆದಿಲ್ಲ.

ನ್ಯಾಯಾಲಯಗಳು ಮಾತ್ರ ಆ ಪ್ರಶ್ನೆಯನ್ನು ಬಿಟ್ಟಿಲ್ಲ. 1987ರ ಕಾತೀಜಿ ಪ್ರಕರಣದಲ್ಲಿ ನಾಲ್ಕು ದಿನ ತಡವಾದ ಅಪೀಲನ್ನು ಮನ್ನಿಸುತ್ತ ಸರ್ವೋಚ್ಚ ನ್ಯಾಯಾಲಯವು ಒಂದೊಂದು ದಿನದ ಲೆಕ್ಕವನ್ನು ವ್ಯವಹಾರಜ್ಞಾನದಿಂದ ಕೇಳಬೇಕೆಂದು ಹೇಳಿತು. 2012ರಲ್ಲಿ ಅಂಚೆ ಇಲಾಖೆಯು 427 ದಿನ ತಡಮಾಡಿ ಬಂದಾಗ, ಸರಕಾರಿ ಕಚೇರಿಯೆಂಬ ಕಾರಣಕ್ಕೆ ಬೇರೆ ಅಳತೆಗೋಲಿಲ್ಲವೆಂದು ಹೇಳಿ ಮರಳಿ ಕಳಿಸಿತು. ಇನ್ನು ಕೊರೋನಾ ರೋಗವು ಹಬ್ಬಿದಾಗ ದೇಶದ ಎಲ್ಲ ಮುದ್ದತುಗಳೂ ನಿಂತವು: 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರ ವರೆಗಿನ ಕಾಲವನ್ನು ಎಣಿಕೆಗೆ ಹಿಡಿಯಬಾರದೆಂದು ಆಜ್ಞೆಯಾಯಿತು. ಸುಮಾರು ಎರಡು ವರ್ಷ, ಕಾಯದೆಯ ಕಣ್ಣಿಗೆ, ದಿನಗಳೇ ಹುಟ್ಟಲಿಲ್ಲ. ನನ್ನ ಗುರುಗಳು ಇದ್ದಿದ್ದರೆ ಈ ಆಜ್ಞೆಯನ್ನು ಎಷ್ಟು ಸಂತೋಷದಿಂದ ಪಾಠ ಮಾಡುತ್ತಿದ್ದರೋ!

2009ರಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವು ಆರಂಭವಾದದ್ದು ನಮ್ಮ ಭಾಗದ ಮಕ್ಕಳಿಗೆ ದೊಡ್ಡ ಅನುಕೂಲ. ಅದರ ಪ್ರಶ್ನೆಪತ್ರಿಕೆಗಳ ಮೇಲೆ ಒಂದು ಸೂಚನೆ ಅಚ್ಚಾಗಿರುತ್ತದೆ: ಉತ್ತರಗಳನ್ನು ಸಂಪೂರ್ಣವಾಗಿ ಇಂಗ್ಲಿಷಿನಲ್ಲಿ ಇಲ್ಲವೆ ಸಂಪೂರ್ಣವಾಗಿ ಕನ್ನಡದಲ್ಲಿ ಬರೆಯಬೇಕು. ನನ್ನ ಕಾಲದಲ್ಲಿ ಗುಣಗಳಿಲ್ಲದ ಆ ಒಂದು ಪುಟದ ಕನ್ನಡಕ್ಕೆ ಈಗ ಪೂರ್ಣ ಗುಣಗಳು ಬರಬಹುದು. ಆ ‘ಸಂಪೂರ್ಣವಾಗಿ’ ಎಂಬ ಮಾತು ಕೆಲವರಿಗೆ ಕಠಿಣವೆನಿಸುತ್ತದೆ, ನನಗೆ ಅಲ್ಲ. ಅರ್ಧ ತಿಳಿದುದನ್ನು ಇಂಗ್ಲಿಷ್ ಶಬ್ದದ ಹಿಂದೆ ಬಚ್ಚಿಡುವ ಚಟಕ್ಕೆ ಅದು ಒಳ್ಳೆಯ ಮದ್ದು.

ಈಚೆಗೆ ನಮ್ಮ ಊರ ಕಡೆಯ ಒಬ್ಬ ಹುಡುಗಿ ಕಾನೂನು ಓದುತ್ತಿದ್ದವಳು ನನ್ನ ಮನೆಗೆ ಬಂದಿದ್ದಳು. ವಿಚಾರಗೋಷ್ಠಿಗೆ 77ಎ ಕಲಮನ್ನೇ ಆರಿಸಿಕೊಂಡಿದ್ದಳು, ಕನ್ನಡದಲ್ಲಿ ಬರೆಯುತ್ತಿದ್ದಳು. ವಿಷಯವನ್ನು ಒಂದು ವಾಕ್ಯದಲ್ಲಿ ಹೇಳೆಂದೆ. ಸ್ವಲ್ಪ ಯೋಚಿಸಿ, “ಮಾವಾರ, ಹೊಲ ಕಳಕೊಂಡವರಿಗೆ ಕೊಡಬೇಕಂತ ಮಾಡಿದ ಕಾಯದೆ, ಹೊಲ ಇನ್ನೂ ಕಳಕೊಳ್ಳದವರಿಗೆ ಮಾತ್ರ ಯಾಕ ಸಿಕ್ಕಿತು ಅನ್ನೂದು” ಎಂದಳು. ಎರಡನೆಯ ವಾಕ್ಯ ಬೇಕಾಗಲಿಲ್ಲ. ಆ ಓಣಿಯ ಮನೆಯನ್ನು ನಾನು ಅವಳಿಗೆ ತೋರಿಸಿಕೊಟ್ಟೆ. ಅಜ್ಜನ ಮೊಮ್ಮಗನು ಟ್ರಂಕಿನ ಅಡಿಯಿಂದ ಲಾವಣಿ ಕೊಟ್ಟ ಹಳೆಯ ಪಾವತಿಗಳ ಒಂದು ಸಣ್ಣ ಕಟ್ಟನ್ನು ತೆಗೆದು ಕೊಟ್ಟನಂತೆ. ಅವುಗಳಲ್ಲಿ ಹೆಚ್ಚಿನವಕ್ಕೆ ಸಹಿಯಿತ್ತು, ಎರಡಕ್ಕೆ ಮಾತ್ರ ತಾರೀಖು. ಕರಡನ್ನು ಅವಳ ಗುರುಗಳು ಒಂಬತ್ತನೆಯ ದಿನಕ್ಕೆ ಮರಳಿಸಿದರು. ಕೊನೆಯ ಪ್ರತಿಯನ್ನು ಅವಳು ಮುದ್ದತಿಗೆ ಎರಡು ದಿನ ಮೊದಲೇ ಒಪ್ಪಿಸಿದಳು. ತನ್ನ ಪ್ರತಿಯ ಮೇಲೆ ಕಚೇರಿಯವರು ಹಾಕಿದ ಮುದ್ರೆಯಲ್ಲಿ ದಿನಾಂಕವು ಸರಿಯಾಗಿ ಮೂಡದಿದ್ದುದನ್ನು ಬಸ್‌ನಿಲ್ದಾಣದಲ್ಲಿ ನೋಡಿಕೊಂಡು, ಹತ್ತಿದ ಬಸ್ಸು ಇಳಿದು ಮರಳಿ ಹೋಗಿ, ಇನ್ನೊಮ್ಮೆ ಹಾಕಿಸಿಕೊಂಡು ಬಂದಳು.